ಚಿನ್ನದ ಊರಿನ ಪ್ರಳಯಗಣಿತ

ಊರುಗಳು ಹೆಸರು ಪಡೆಯುವ ಬಗೆ ವಿಚಿತ್ರವಾದುದು. ಮೈಸೂರು ಸಂಸ್ಥಾನದ ಕಮಿಷನರಾಗಿದ್ದ ಲೂಯಿನ್ ಬೌರಿಂಗರ ಹೆಸರನ್ನು ಹೊತ್ತ ಬೌರಿಂಗ್‌ಪೇಟೆಯು ಕಾಲಾಂತರದಲ್ಲಿ ಬಂಗಾರಪೇಟೆಯಾಯಿತು. ನೆರೆಯಲ್ಲಿ ಬಂಗಾರವೇ ದೊರೆಯುತ್ತಿರುವಾಗ ಬೌರಿಂಗರನ್ನು ನೆನೆಯುವ ಅಗತ್ಯ ಜನರಿಗೆ ಕಾಣಲಿಲ್ಲವೇನೋ. ಅದೇ ನೆರೆಯ ರಾಬರ್ಟ್‌ಸನ್‌ಪೇಟೆಯಾದರೋ ಮೈಸೂರಿನ ಬ್ರಿಟಿಷ್ ರೆಸಿಡೆಂಟರಾಗಿದ್ದ ಸರ್ ಡೊನಾಲ್ಡ್ ರಾಬರ್ಟ್‌ಸನ್ನರ ಹೆಸರನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ. ಒಂದು ಊರು ಹೆಸರನ್ನು ಬದಲಿಸಿಕೊಂಡಿತು, ಇನ್ನೊಂದು ಉಳಿಸಿಕೊಂಡಿತು. ಎರಡರಲ್ಲಿ ಯಾವುದೂ ಈ ನಿರ್ಧಾರಕ್ಕಾಗಿ ಸಂಖ್ಯಾಶಾಸ್ತ್ರಜ್ಞರ ಮನೆಬಾಗಿಲಿಗೆ ಹೋಗಿರಲಿಲ್ಲ.

ಇಂದಿನ ಸ್ಥಿತಿ ಬೇರೆ. ಕನ್ನಡನಾಡಿನ ಯಾವ ಪೇಟೆಬೀದಿಯಲ್ಲಿ ನಡೆದರೂ ಅಂಗಡಿಗಳ ಇಂಗ್ಲಿಷ್ ನಾಮಫಲಕಗಳಲ್ಲಿ ಅಕಾರಣವಾಗಿ ಇಮ್ಮಡಿಸಿದ ಅಕ್ಷರಗಳು ಕಣ್ಣಿಗೆ ಬೀಳುತ್ತವೆ. ಒಂದು 'ಎ' ಸಾಕಾಗುವಲ್ಲಿ ಮೂರು, ಒಂದು 'ಎಸ್' ಸಾಲುವಲ್ಲಿ ಎರಡು. ಓದುವವರು ಇದನ್ನು ಕಾಗುಣಿತದ ದೋಷವೆಂದು ಭಾವಿಸಬಾರದು. ಅದು ಹಣ ಕೊಟ್ಟು ಕೊಂಡ ದೋಷ. ಹೆಸರಿನ ಮೊತ್ತ ಸರಿಬಾರದ ಕಾರಣ ವ್ಯಾಪಾರ ಕುಂಠಿತವಾಗಿದೆಯೆಂದೂ ಒಂದಕ್ಷರ ಸೇರಿದರೆ ಲಕ್ಷ್ಮಿ ಒಲಿಯುವಳೆಂದೂ ಯಾರೋ ಹೇಳಿರುತ್ತಾರೆ. ಲಕ್ಷ್ಮಿಗೆ ಇಂಗ್ಲಿಷ್ ಕಾಗುಣಿತ ಯಾವಾಗ ಕರಗತವಾಯಿತೆಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

ಈ ಶಾಸ್ತ್ರದಲ್ಲಿ ಪ್ರಚಲಿತವಾಗಿರುವ ಪದ್ಧತಿಗಳು ಮುಖ್ಯವಾಗಿ ಎರಡು. ಒಂದಕ್ಕೆ ಕಾಲ್ಡಿಯನ್ ಎಂದು ಹೆಸರು, ಇನ್ನೊಂದಕ್ಕೆ ಪೈಥಾಗೊರಿಯನ್. ಎರಡೂ ಇಂಗ್ಲಿಷ್ ವರ್ಣಮಾಲೆಯ 26 ಅಕ್ಷರಗಳಿಗೆ ಅಂಕೆಗಳನ್ನು ಹಂಚುತ್ತವೆ. ಪ್ರಾಚೀನ ಕಾಲ್ಡಿಯದ ಜನರಿಗಾಗಲಿ ಗ್ರೀಸಿನ ಪೈಥಾಗೊರಸನಿಗಾಗಲಿ ಈ ವರ್ಣಮಾಲೆ ಗೊತ್ತಿರಲಿಲ್ಲ. 'ಜೆ', 'ಯು', 'ಡಬ್ಲ್ಯು' ಎಂಬ ಅಕ್ಷರಗಳು ಅವರೆಲ್ಲ ಗತಿಸಿ ಎಷ್ಟೋ ಶತಮಾನಗಳಾದ ಮೇಲೆ ಹುಟ್ಟಿದವು. ಪೂರ್ವಜರ ಹೆಸರಿನಲ್ಲಿ ಅವರು ಕಾಣದ ಆಸ್ತಿಯನ್ನು ಹಂಚುವ ಪರಿ ಇದು.

ಪರೀಕ್ಷೆಗೆ ಈ ಊರಿನ ಹೆಸರನ್ನೇ ಒಡ್ಡಬಹುದು. ಕೋಲಾರ ಚಿನ್ನದ ಗಣಿಪ್ರದೇಶವನ್ನು ಲೋಕವೆಲ್ಲ ಕರೆಯುವುದು ಕೆ.ಜಿ.ಎಫ್. ಎಂಬ ಮೂರಕ್ಷರಗಳಿಂದ. ಕಾಲ್ಡಿಯನ್ ಪದ್ಧತಿಯಲ್ಲಿ 'ಕೆ' ಅಕ್ಷರಕ್ಕೆ 2, 'ಜಿ'ಗೆ 3, 'ಎಫ್'ಗೆ 8, ಕೂಡಿದರೆ 13. ಪಾಶ್ಚಾತ್ಯರು ಹೋಟೆಲಿನ ಕೊಠಡಿಗೂ ಕೊಡಲು ಅಂಜುವ ಸಂಖ್ಯೆ! ಅದರ ಅಂಕೆಗಳನ್ನು ಮತ್ತೆ ಕೂಡಿದರೆ ಬರುವ 4 ಕೂಡ ಈ ಶಾಸ್ತ್ರದಲ್ಲಿ ಕ್ಲೇಶದ ಅಂಕೆ. ಗಣಿ ಮುಚ್ಚಿದ್ದಕ್ಕೆ ಕಾರಣ ಸಿಕ್ಕಿತೆಂದು ನಿಟ್ಟುಸಿರಿಡುವ ಮೊದಲು ಎರಡನೆಯ ಪದ್ಧತಿಯನ್ನೂ ನೋಡಬೇಕು. ಅಲ್ಲಿ 'ಕೆ' 2, 'ಜಿ' 7, 'ಎಫ್' 6. ಮೊತ್ತ 15, ಏಕಾಂಕ 6. ಇದು ಶುಕ್ರನ ಅಂಕೆ, ಭೋಗಭಾಗ್ಯಗಳ ಅಂಕೆ. ಅದೇ ಊರು, ಅದೇ ಮೂರಕ್ಷರ. ಒಂದು ಅಂಗಡಿಯಲ್ಲಿ ಅಪಶಕುನ, ಪಕ್ಕದ ಅಂಗಡಿಯಲ್ಲಿ ಸೌಭಾಗ್ಯ. ಇದೇ ಮೂರಕ್ಷರಗಳನ್ನೇ ಶೀರ್ಷಿಕೆಯಾಗಿಸಿಕೊಂಡ ಕನ್ನಡ ಚಲನಚಿತ್ರವೊಂದು 2018ರಲ್ಲಿ ತೆರೆಕಂಡಿತು, ಅದರ ಎರಡನೆಯ ಭಾಗ 2022ರಲ್ಲಿ ಬಂದಿತು. ಎರಡನೆಯ ಭಾಗವು 1,000 ಕೋಟಿ ರೂಪಾಯಿಗಳಿಗೂ ಮಿಕ್ಕಿ ಗಳಿಸಿತು. 13 ಯಾರಿಗೂ ಅಡ್ಡಬರಲಿಲ್ಲ.

ಅಕ್ಷರಕ್ಕೂ ಅಂಕೆಗೂ ನಂಟು ಕಲ್ಪಿಸುವುದೇ ಮೌಢ್ಯವೆಂದು ಇದರಿಂದ ತೀರ್ಮಾನಿಸುವಂತಿಲ್ಲ. ಭಾರತೀಯ ಪರಂಪರೆಯಲ್ಲಿ ಕಟಪಯಾದಿ ಎಂಬ ಸುಂದರವಾದ ಪದ್ಧತಿಯಿದೆ. ಅದರಲ್ಲಿ ವ್ಯಂಜನಗಳಿಗೆ ಅಂಕೆಗಳನ್ನು ಗೊತ್ತುಪಡಿಸಿ, ಪದದ ಅಕ್ಷರಗಳನ್ನು ಹಿಂದುಮುಂದಾಗಿ ಓದಿ ಸಂಖ್ಯೆಯನ್ನು ಪಡೆಯುತ್ತಾರೆ. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಹೆಸರುಗಳಲ್ಲಿ ಈ ಜಾಣ್ಮೆ ಅಡಗಿದೆ. ಮೇಚಕಲ್ಯಾಣಿಯ 'ಮೇ' 5, 'ಚ' 6, ತಿರುಗಿಸಿದರೆ 65. ಅದು 65ನೆಯ ಮೇಳ. ಧೀರಶಂಕರಾಭರಣದ 'ಧೀ' 9, 'ರ' 2, ತಿರುಗಿಸಿದರೆ 29. ಅದು 29ನೆಯ ಮೇಳ. ಇಲ್ಲಿ ಅಕ್ಷರವು ಸ್ಮರಣೆಗೆ ಊರುಗೋಲು. ಯಾರ ಹಣೆಬರಹವನ್ನೂ ಅದು ಬರೆಯುವುದಿಲ್ಲ. ಶಂಕರಾಭರಣವನ್ನು ಹಾಡಿದವರ ವ್ಯಾಪಾರ ವೃದ್ಧಿಸುವುದೆಂದು ಯಾವ ಲಕ್ಷಣಕಾರನೂ ಹೇಳಲಿಲ್ಲ.

ಅಂಕೆಗಳನ್ನು ಕೂಡಿ ಕೂಡಿ ಏಕಾಂಕಕ್ಕೆ ಇಳಿಸುವ ಕ್ರಿಯೆಗೂ ಒಂದು ಗೌರವಾನ್ವಿತ ಚರಿತ್ರೆಯಿದೆ. ಹಾಗೆ ಇಳಿಸುವುದೆಂದರೆ ಆ ಸಂಖ್ಯೆಯನ್ನು 9ರಿಂದ ಭಾಗಿಸಿ ಶೇಷವನ್ನು ಪಡೆಯುವುದೇ ಹೊರತು ಬೇರೇನೂ ಅಲ್ಲ. ಶೇಷ ಉಳಿಯದಿದ್ದಾಗ 9 ಎಂದು ಬರೆಯುತ್ತಾರೆ, ಅಷ್ಟೇ. ಎರಡನೆಯ ಆರ್ಯಭಟನ ಕಾಲಕ್ಕಾಗಲೇ ಭಾರತೀಯ ಗಣಿತಜ್ಞರು ಇದನ್ನು ಲೆಕ್ಕದ ತಾಳೆ ನೋಡಲು ಬಳಸುತ್ತಿದ್ದರು. 47ನ್ನು 12ರಿಂದ ಗುಣಿಸಿದರೆ 564 ಎಂದು ಒಬ್ಬ ವಿದ್ಯಾರ್ಥಿ ಉತ್ತರ ಬರೆದನೆನ್ನಿ. 47ರ ಏಕಾಂಕ 2, 12ರದು 3, ಇವುಗಳ ಗುಣಲಬ್ಧ 6. 564ರ ಏಕಾಂಕವೂ 6. ತಾಳೆಯಾಯಿತು. ಆತ ಕೈತಪ್ಪಿ 574 ಎಂದು ಬರೆದಿದ್ದರೆ ಏಕಾಂಕ 7 ಬಂದು ತಪ್ಪು ಬಯಲಾಗುತ್ತಿತ್ತು. 546 ಎಂದು ಅಂಕೆಗಳನ್ನು ಅದಲುಬದಲು ಮಾಡಿದ್ದರೆ ಮಾತ್ರ ಈ ಪರೀಕ್ಷೆಗೆ ಅದು ಸಿಕ್ಕಿಬೀಳುತ್ತಿರಲಿಲ್ಲ. ಅಂದರೆ ಏಕಾಂಕವು 'ಇದು ತಪ್ಪು' ಎಂದು ಖಚಿತವಾಗಿ ಹೇಳಬಲ್ಲದು. 'ಇದು ಸರಿ' ಎಂದು ಪ್ರಮಾಣ ಮಾಡಲಾರದು. ತಪ್ಪನ್ನು ಹಿಡಿಯಲೆಂದೇ ಹುಟ್ಟಿದ ಈ ಬಡ ಸಾಧನವನ್ನು, ಎಂದೂ ತಪ್ಪಾಗದ ಭವಿಷ್ಯವಾಣಿಯನ್ನಾಗಿ ಮಾರುತ್ತಿರುವುದೇ ಸಂಖ್ಯಾಶಾಸ್ತ್ರದ ನಿಜವಾದ ಪವಾಡ. ಜಗತ್ತಿನ 800 ಕೋಟಿ ಜನರನ್ನು ಅದು ಒಂಬತ್ತು ಪೆಟ್ಟಿಗೆಗಳಿಗೆ ಹಂಚುತ್ತದೆ. ಪೆಟ್ಟಿಗೆಯೊಂದಕ್ಕೆ ಸರಾಸರಿ 89 ಕೋಟಿ ಜನ. ಅಷ್ಟು ಜನರ ಸ್ವಭಾವ, ವಿವಾಹ, ಉದ್ಯೋಗ, ಆರೋಗ್ಯಗಳೆಲ್ಲ ಒಂದೇ ಆಗಿರಬೇಕೆಂದರೆ ವಿಧಿಗೆ ಸೋಮಾರಿತನ ಬಂದಿದೆಯೆನ್ನಬೇಕು.

ಸಂಖ್ಯೆಯ ಮೇಲಿನ ಭಕ್ತಿ ವ್ಯಕ್ತಿಯನ್ನು ಬಿಟ್ಟು ಲೋಕಕ್ಕೆ ಹರಡಿದಾಗ ಪ್ರಳಯದ ದಿನಾಂಕಗಳು ಹುಟ್ಟುತ್ತವೆ. ಈ ವ್ಯಾಧಿ ಒಂದು ದೇಶದ್ದಲ್ಲ. ಜರ್ಮನಿಯ ಯೋಹಾನೆಸ್ ಸ್ಟೋಫ್ಲರ್ 1499ರ ಪಂಚಾಂಗದಲ್ಲಿ, 1524ರ ಫೆಬ್ರುವರಿಯಲ್ಲಿ ಗ್ರಹಗಳೆಲ್ಲ ಜಲರಾಶಿಯಾದ ಮೀನದಲ್ಲಿ ಕೂಡುವುದರಿಂದ ಮಹಾ ವಿಪ್ಲವ ಕಾದಿದೆಯೆಂದು ಸೂಚಿಸಿದರು. ಜಲಪ್ರಳಯದ ಭೀತಿ ಯೂರೋಪನ್ನೆಲ್ಲ ಆವರಿಸಿತು. ಫೆಬ್ರುವರಿ ಬಂದಿತು, ಹೋಯಿತು, ಯೂರೋಪು ಮುಳುಗಲಿಲ್ಲ.

ಭಾರತದಲ್ಲಿ ಇದರ ತಮ್ಮನಂತೆ ಬಂದುದು 1962ರ ಅಷ್ಟಗ್ರಹ ಕೂಟ. ಆ ವರ್ಷದ ಫೆಬ್ರುವರಿ 3ರಿಂದ 5ರವರೆಗೆ ರವಿ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿಗಳು ಕೇತುವನ್ನೂ ಕೂಡಿಕೊಂಡು ಮಕರರಾಶಿಯಲ್ಲಿ ನೆರೆದರು. ಎಂಟು ಮಂದಿ ಒಂದೇ ಮನೆಯಲ್ಲಿ ಸೇರಿದರೆ ಜಗಳ ಖಂಡಿತವೆಂಬ ಗೃಹಸ್ಥಾನುಭವವನ್ನು ಜನ ಗ್ರಹಗಳಿಗೂ ಅನ್ವಯಿಸಿದರು. ದೇಶದಾದ್ಯಂತ ಹೋಮಗಳು ಉರಿದವು, ತುಪ್ಪ ಕರಗಿತು, ಪ್ರಯಾಣಗಳು ಮುಂದಕ್ಕೆ ಹೋದವು. ಪ್ರಧಾನಿ ನೆಹರೂ ನಕ್ಕರು. ಫೆಬ್ರುವರಿ 6ರ ಬೆಳಗ್ಗೆ ಸೂರ್ಯ ಎಂದಿನಂತೆ ಮೂಡಿದ. ಆಗ ಕೇಳಿಬಂದ ಸಮಾಧಾನ ಸ್ಮರಣೀಯವಾದುದು: ಹೋಮ ಮಾಡಿದ್ದರಿಂದಲೇ ಪ್ರಳಯ ತಪ್ಪಿತು! ಈ ತರ್ಕದ ಬಲವನ್ನು ಮೆಚ್ಚಲೇಬೇಕು. ಪ್ರಳಯವಾದರೆ ಭವಿಷ್ಯ ನಿಜ. ಆಗದಿದ್ದರೆ ಶಾಂತಿ ಫಲಪ್ರದ. ಎರಡೂ ಸಂದರ್ಭಗಳಲ್ಲಿ ದಕ್ಷಿಣೆ ಹಿಂದಿರುಗುವುದಿಲ್ಲ.

ಅದೇ 1962ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಹುಟ್ಟಿಕೊಂಡಿತು. ಅದನ್ನು ಕಟ್ಟಿ ಬೆಳೆಸಿದ ಡಾ. ಎಚ್. ನರಸಿಂಹಯ್ಯನವರು ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂಬುದನ್ನು ಜೀವನವಿಡೀ ಬೋಧಿಸಿದ ಅವರು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯನ್ನೇ ನೇಮಿಸಿದರು. ಗ್ರಹಗಳ ಕೂಟದಿಂದ ಆ ವರ್ಷ ಕನ್ನಡನಾಡಿಗೆ ಏನಾದರೂ ಆಗಿದ್ದರೆ ಇದೊಂದು ಒಳಿತೇ ಆಗಿರಬೇಕು.

ಆಮೇಲೆಯೂ ಪ್ರಳಯಗಳಿಗೆ ಬರಗಾಲ ಬರಲಿಲ್ಲ. 1979ರ ಜುಲೈನಲ್ಲಿ ಅಮೆರಿಕದ ಸ್ಕೈಲ್ಯಾಬ್ ತಮ್ಮ ಮನೆಯ ಮೇಲೆಯೇ ಬೀಳುವುದೆಂದು ಇಲ್ಲಿನ ಜನ ಹೆದರಿದರು. ಅದು ಹಿಂದೂ ಮಹಾಸಾಗರದಲ್ಲಿ ಮತ್ತು ಪಶ್ಚಿಮ ಆಸ್ಟ್ರೇಲಿಯದಲ್ಲಿ ಬಿದ್ದಿತು. 2012ರ ಡಿಸೆಂಬರ್ 21ಕ್ಕೆ ಮಾಯಾ ಜನರ ಪಂಚಾಂಗ ಮುಗಿಯುವುದರಿಂದ ಲೋಕವೂ ಮುಗಿಯಲೇಬೇಕೆಂದು ಪ್ರಚಾರವಾಯಿತು. ಮುಗಿದದ್ದು 1,44,000 ದಿನಗಳ 'ಬಕ್ತೂನ್' ಎಂಬ ಕಾಲಮಾನದ ಹದಿಮೂರು ಆವರ್ತಗಳು, ಅಂದರೆ 18,72,000 ದಿನಗಳು. ಗೋಡೆಯ ಕ್ಯಾಲೆಂಡರಿನ ಡಿಸೆಂಬರ್ ಹಾಳೆ ಹರಿದಾಗ ಹೊಸ ಕ್ಯಾಲೆಂಡರನ್ನು ತೂಗುಹಾಕುವಂತೆ ಮಾಯಾ ಜನರೂ ಮುಂದಿನ ಎಣಿಕೆಗೆ ಸಿದ್ಧರಿದ್ದರು. ಪಲೆಂಕೆಯ ಅವರ ಶಾಸನವೊಂದು ಕ್ರಿ.ಶ. 4772ರ ದಿನವನ್ನೇ ಉಲ್ಲೇಖಿಸುತ್ತದೆ. ಶಾಸನವನ್ನು ಓದುವ ಕಷ್ಟ ಯಾರಿಗೆ ಬೇಕಿತ್ತು? ಕೆ.ಜಿ.ಎಫ್. ಚಿತ್ರದ ಮೊದಲ ಭಾಗ ಬಿಡುಗಡೆಯಾದದ್ದು ಈ ಪ್ರಳಯದ ಆರನೆಯ ವಾರ್ಷಿಕೋತ್ಸವದ ದಿನ, 2018ರ ಡಿಸೆಂಬರ್ 21ರಂದು.

ಇವೆಲ್ಲ ನಗುವ ಸಂಗತಿಗಳೇ. ಆದರೆ ಒಂದರ ಮುಂದೆ ನಗು ನಿಲ್ಲುತ್ತದೆ. 2008ರ ಸೆಪ್ಟೆಂಬರಿನಲ್ಲಿ ಜಿನೀವಾ ಬಳಿ ಬೃಹತ್ ಕಣವೇಗವರ್ಧಕ ಚಾಲನೆಗೊಳ್ಳುವುದರಲ್ಲಿತ್ತು. ಅದರಿಂದ ಕೃಷ್ಣರಂಧ್ರ ಹುಟ್ಟಿ ಭೂಮಿಯನ್ನು ನುಂಗುವುದೆಂದು ದೂರದರ್ಶಕ ವಾಹಿನಿಗಳು ಹಗಲಿರುಳು ಸಾರಿದವು. ಆ ಕಾರ್ಯಕ್ರಮಗಳನ್ನು ನೋಡಿ ಭಯಗೊಂಡ ಮಧ್ಯಪ್ರದೇಶದ ಹದಿಹರೆಯದ ಹುಡುಗಿಯೊಬ್ಬಳು ಪ್ರಾಣ ಕಳೆದುಕೊಂಡಳೆಂದು ಪತ್ರಿಕೆಗಳು ವರದಿ ಮಾಡಿದವು. ಲೋಕವು ಉಳಿಯಿತು, ಆ ಮನೆಯ ಲೋಕ ಉಳಿಯಲಿಲ್ಲ. ಪ್ರಳಯದ ಸುಳ್ಳು ಲೆಕ್ಕಕ್ಕೆ ಯಾರೂ ಬೆಲೆ ತೆರುವುದಿಲ್ಲವೆಂಬುದು ನಿಜವಲ್ಲ. ಲೆಕ್ಕ ಹೇಳಿದವರು ತೆರುವುದಿಲ್ಲ, ಅಷ್ಟೇ.

ಹಳೆಯ ಕಾಲದವರಿಗೆ ಯುಗಾಂತ್ಯದ ಕಲ್ಪನೆ ಇರಲಿಲ್ಲವೆಂದಲ್ಲ. ಹಿಂದೆ ಕೋಲಾರ ಸೀಮೆಯಲ್ಲಿದ್ದ ಕೈವಾರದ ಯೋಗಿ ನಾರೇಯಣರ ಹೆಸರಿನಲ್ಲಿ ಕಾಲಜ್ಞಾನ ಪ್ರಸಿದ್ಧವಾಗಿದೆ. ನೆರೆಯ ತೆಲುಗು ಸೀಮೆಯಲ್ಲಿ ಪೋತುಲೂರಿ ವೀರಬ್ರಹ್ಮರ ಕಾಲಜ್ಞಾನ ಮನೆಮಾತು. ಕಾಲಜ್ಞಾನ ಸಾಹಿತ್ಯದಲ್ಲಿ ಮುಂದೆ ಆಗುವುದೆಂದು ವರ್ಣಿತವಾಗುವ ಅಧರ್ಮಗಳನ್ನು ಓದಿದರೆ ಅವು ಕೇಳುಗರ ಕಣ್ಣೆದುರಿಗೇ ನಡೆಯುತ್ತಿದ್ದ ಅಧರ್ಮಗಳೆಂದು ತೋರುತ್ತದೆ. ಭವಿಷ್ಯತ್ಕಾಲದ ಕ್ರಿಯಾಪದಗಳಲ್ಲಿ ವರ್ತಮಾನವನ್ನು ಗದರುವ ಬಗೆ ಅದು. ಅದರ ಉದ್ದೇಶ ಮನುಷ್ಯನನ್ನು ತಿದ್ದುವುದು; ಹೆಸರಿನ ಕಾಗುಣಿತವನ್ನು ತಿದ್ದುವುದಲ್ಲ.

ಜೈನ ಪುರಾಣಗಳ ಕಾಲಚಕ್ರವಾದರೋ ಇನ್ನೂ ವಿಶಾಲವಾದುದು. ಅದರಲ್ಲಿ ಲೋಕಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಇಳಿಮುಖದ ಅವಸರ್ಪಿಣಿ, ಏರುಮುಖದ ಉತ್ಸರ್ಪಿಣಿ ಎಂಬ ಎರಡು ಅರ್ಧಗಳು, ಒಂದೊಂದರಲ್ಲೂ ಆರು ಕಾಲಗಳು. ಈಗ ನಡೆಯುತ್ತಿರುವುದು ಅವಸರ್ಪಿಣಿಯ ಐದನೆಯದಾದ ದುಷ್ಷಮಾ ಕಾಲ. ಮಹಾವೀರ ತೀರ್ಥಂಕರರ ನಿರ್ವಾಣವಾಗಿ ಮೂರು ವರ್ಷ ಎಂಟೂವರೆ ತಿಂಗಳಿಗೆ ಆರಂಭವಾದ ಇದರ ಅವಧಿ 21,000 ವರ್ಷ. ನಿರ್ವಾಣವು ಕ್ರಿ.ಪೂ. 527ರಲ್ಲಾಯಿತೆಂಬ ಪರಂಪರೆಯ ಗಣನೆಯಂತೆ ಸುಮಾರು 2,550 ವರ್ಷಗಳು ಕಳೆದಿವೆ. ಇನ್ನೂ 18,000ಕ್ಕೂ ಹೆಚ್ಚು ವರ್ಷಗಳು ಉಳಿದಿವೆ. ಅದರ ಮುಂದೆ ಇನ್ನೂ ಘೋರವಾದ 21,000 ವರ್ಷಗಳು. ಬಳಿಕ ಚಕ್ರ ಮತ್ತೆ ಮೇಲಕ್ಕೆ ತಿರುಗುತ್ತದೆ. ಮುಂದಿನ ಶುಕ್ರವಾರಕ್ಕೆ ಪ್ರಳಯವನ್ನು ಗೊತ್ತುಮಾಡುವ ಆತುರ ಈ ಗಣನೆಗೆ ಇಲ್ಲ. ಸಂಖ್ಯಾತ, ಅಸಂಖ್ಯಾತ, ಅನಂತವೆಂದು ಸಂಖ್ಯೆಗಳನ್ನು ವಿಂಗಡಿಸಿದ ಮನಸ್ಸು ಅದು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯರು ಗಣಿತದ ಉಪಯೋಗವನ್ನು ಕೊಂಡಾಡುತ್ತ ಸಂಗೀತ, ನಾಟಕ, ವೈದ್ಯ, ವಾಸ್ತು, ಪಾಕಶಾಸ್ತ್ರಗಳವರೆಗೆ ಪಟ್ಟಿ ಮಾಡಿದರು. ಅಡುಗೆಮನೆಗೂ ಸಂಖ್ಯೆ ಬೇಕೆಂದರು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಹೇಳುವ ಸಂದರ್ಭ ಬಂದಾಗ, ಇಲ್ಲದುದನ್ನು ಇಲ್ಲವೆಂದೇ ಹೇಳಿದರು.

ಲೋಕಾಂತ್ಯದ ಲೆಕ್ಕವನ್ನು ಇಷ್ಟೇ ಗಂಭೀರವಾಗಿ ಹಾಕಿದ ಇನ್ನೊಂದು ಪ್ರಯತ್ನ ನಡೆದದ್ದು ರಾಬರ್ಟ್‌ಸನ್‌ಪೇಟೆಯ ನೆರೆಯಲ್ಲಿಯೇ, ನೆಲದ ಆಳದಲ್ಲಿ. ಇದು ಆ ಊರಿನ ನಿಜವಾದ ಪ್ರಳಯಶಾಸ್ತ್ರ.

ಆಕಾಶದಿಂದ ಎಡೆಬಿಡದೆ ಸುರಿಯುವ ವಿಶ್ವಕಿರಣಗಳನ್ನು ತಡೆಯಲು ಕಿಲೋಮೀಟರುಗಟ್ಟಲೆ ಬಂಡೆಯ ಮರೆ ಬೇಕು. ಅಂಥ ಮರೆ ಕೋಲಾರದ ಗಣಿಗಳಲ್ಲಿ ಸಿದ್ಧವಾಗಿತ್ತು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿಯೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪರವಾಗಿ ಇಲ್ಲಿ ಇಳಿದು ವಿಶ್ವಕಿರಣಗಳನ್ನು ಅಳೆದರು. 1965ರಲ್ಲಿ ಭಾರತ, ಜಪಾನ್, ಇಂಗ್ಲೆಂಡುಗಳ ವಿಜ್ಞಾನಿಗಳು ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿಲೋಮೀಟರ್ ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳ ಗುರುತನ್ನು ಪಡೆದರು. ಜಗತ್ತಿನಲ್ಲಿ ಅದು ಮೊದಲ ಬಾರಿ. ಅದೇ ವರ್ಷ ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲಿಯೂ ಅಂಥದೇ ಫಲ ದೊರೆಯಿತು.

ಬಳಿಕ ಬಂದುದು ಪ್ರೋಟಾನಿನ ಪ್ರಶ್ನೆ. ಸಕಲ ಪದಾರ್ಥಗಳ ಪರಮಾಣುಗಳಲ್ಲಿಯೂ ಇರುವ ಪ್ರೋಟಾನು ಶಾಶ್ವತವಲ್ಲ, ಅದೂ ಒಂದು ದಿನ ಒಡೆಯುವುದೆಂದು 1970ರ ದಶಕದ ಸಿದ್ಧಾಂತವೊಂದು ಹೇಳಿತು. ಅದು ನಿಜವಾದರೆ ಚಿನ್ನವೂ ಕಬ್ಬಿಣವೂ ಕಲ್ಲೂ ಕಟ್ಟಕಡೆಗೆ ಇಲ್ಲವಾಗಬೇಕು. ಇದಕ್ಕಿಂತ ಸಂಪೂರ್ಣವಾದ ಪ್ರಳಯವನ್ನು ಯಾವ ಜ್ಯೋತಿಷಿಯೂ ನುಡಿದಿಲ್ಲ. ಸಿದ್ಧಾಂತವು ಕೊಟ್ಟ ಆಯುಷ್ಯ ಸರಿಸುಮಾರು 1ರ ಮುಂದೆ 30 ಅಥವಾ 31 ಸೊನ್ನೆಗಳನ್ನಿಟ್ಟಷ್ಟು ವರ್ಷ. ವಿಶ್ವದ ಈವರೆಗಿನ ವಯಸ್ಸು 1,380 ಕೋಟಿ ವರ್ಷ ಮಾತ್ರ. ಅಷ್ಟು ದೀರ್ಘವಾದ ಭವಿಷ್ಯವನ್ನು ಪರೀಕ್ಷಿಸುವ ಬಗೆ ಹೇಗೆ? ಉಪಾಯ ಸರಳವಾಗಿದೆ. ಒಂದು ಪ್ರೋಟಾನಿನ ಸಾವಿಗೆ ಕಾಯುವ ಬದಲು ಅಸಂಖ್ಯ ಪ್ರೋಟಾನುಗಳನ್ನು ಒಂದೆಡೆ ಕೂಡಿಸಿ ಕಾದರಾಯಿತು. ಒಂದು ಟನ್ ಕಬ್ಬಿಣದಲ್ಲಿ ಪ್ರೋಟಾನು ನ್ಯೂಟ್ರಾನುಗಳು ಸೇರಿ 6ರ ಮುಂದೆ 29 ಸೊನ್ನೆಗಳಷ್ಟು ಕಣಗಳಿವೆ. 140 ಟನ್ನಿನಲ್ಲಿ 8ರ ಮುಂದೆ 31 ಸೊನ್ನೆಗಳಷ್ಟು. ಆಯುಷ್ಯವು 1ರ ಮುಂದೆ 31 ಸೊನ್ನೆಗಳ ವರ್ಷವಾದರೆ ವರ್ಷಕ್ಕೆ ಎಂಟು ಕಣಗಳಾದರೂ ಕಣ್ಣೆದುರಿಗೆ ಒಡೆಯಬೇಕು. 1980ರ ಸುಮಾರಿಗೆ ಭಾರತ ಮತ್ತು ಜಪಾನಿನ ವಿಜ್ಞಾನಿಗಳು 140 ಟನ್ ತೂಕದ ಇಂಥ ಕಬ್ಬಿಣದ ಶೋಧಕವನ್ನು ಅದೇ 2.3 ಕಿಲೋಮೀಟರ್ ಆಳದಲ್ಲಿ ನಿಲ್ಲಿಸಿದರು. ಮೇಲೆ ರಾಬರ್ಟ್‌ಸನ್‌ಪೇಟೆ ಸಂತೆ ಮಾಡುತ್ತಿತ್ತು. ಕೆಳಗೆ ಲೋಕಾಂತ್ಯದ ಕಾವಲು ನಡೆಯುತ್ತಿತ್ತು.

ಕೆಲವು ಘಟನೆಗಳು ದಾಖಲಾದವು. ಇವು ಪ್ರೋಟಾನಿನ ಸಾವಿರಬಹುದೆಂದು ತಂಡದವರು ಪ್ರಕಟಿಸಿದರು. ಜಗತ್ತಿನ ಭೌತವಿಜ್ಞಾನಿಗಳು ಕಿವಿ ನಿಮಿರಿಸಿದರು; ಅಷ್ಟಕ್ಕೇ ನಿಲ್ಲದೆ ತಾವೂ ಪರೀಕ್ಷಿಸಿದರು. ಅಮೆರಿಕದ ಉಪ್ಪಿನ ಗಣಿಯಲ್ಲಿ, ಜಪಾನಿನ ಕಾಮಿಯೊಕಾ ಗಣಿಯಲ್ಲಿ ಸಾವಿರಾರು ಟನ್ ನೀರಿನ ಶೋಧಕಗಳು ಕಾದು ಕುಳಿತವು. ಪ್ರೋಟಾನು ಒಡೆದ ಸುಳಿವು ಸಿಗಲಿಲ್ಲ. ಕೋಲಾರದಲ್ಲಿಯೂ ಇನ್ನೂ ದೊಡ್ಡ ಶೋಧಕವನ್ನು ಕಟ್ಟಿ ನೋಡಿ, 1990ರ ದಶಕದ ಆರಂಭದಲ್ಲಿ ಪ್ರಯೋಗವನ್ನು ಮುಗಿಸಿದರು. ಇಂದಿನ ಅಳತೆಗಳಂತೆ, ಸಿದ್ಧಾಂತವು ಮುಖ್ಯವೆಂದು ಸೂಚಿಸಿದ ಮಾರ್ಗದಲ್ಲಿ ಪ್ರೋಟಾನು ಒಡೆಯುವುದಾದರೂ ಅದರ ಆಯುಷ್ಯ 1ರ ಮುಂದೆ 34 ಸೊನ್ನೆಗಳ ವರ್ಷಕ್ಕಿಂತ ಹೆಚ್ಚು. ಮೂಲ ಸಿದ್ಧಾಂತವು ಹಾಗೆ ಬಿದ್ದುಹೋಯಿತು. ಗಣಿಯೊಳಗೆ ಹೋಮ ಮಾಡಿದ್ದರಿಂದ ಪ್ರೋಟಾನು ಬದುಕಿತೆಂದು ಯಾರೂ ಹೇಳಲಿಲ್ಲ. ಸಂಖ್ಯೆ ತಪ್ಪಾಯಿತು, ಅದನ್ನು ಕೈಬಿಟ್ಟರು. ಸಂಖ್ಯಾಶಾಸ್ತ್ರದ 13ಕ್ಕೂ ಈ 31ಕ್ಕೂ ಅಂಕೆಗಳು ಒಂದೇ, ಏಕಾಂಕವೂ ಒಂದೇ. ಒಂದಕ್ಕೆ ಸೋಲುವ ಧೈರ್ಯವಿತ್ತು, ಇನ್ನೊಂದಕ್ಕೆ ಇಲ್ಲ.

ಅದೇ ಆಳದಲ್ಲಿ ದುಡಿಯುತ್ತಿದ್ದ ಗಣಿಕಾರ್ಮಿಕರಿಗೆ ಇನ್ನೂ ಹತ್ತಿರದ ಅಪಾಯವೊಂದಿತ್ತು. ಅಗೆದಷ್ಟೂ ಒತ್ತಡ ಹೆಚ್ಚಿ ಬಂಡೆ ಸಿಡಿಯುತ್ತಿತ್ತು. ಈ ಬಂಡೆಸಿಡಿತ ಎಂದು, ಎಲ್ಲಿ ಆಗುವುದೆಂದು ಮುಂದಾಗಿ ತಿಳಿದರೆ ಜೀವಗಳು ಉಳಿಯುತ್ತವೆ. ಭವಿಷ್ಯಜ್ಞಾನಕ್ಕೆ ಇದಕ್ಕಿಂತ ಪವಿತ್ರವಾದ ಉಪಯೋಗ ಇರಲಾರದು. ಆದರೂ ಈ ಕ್ಷೇತ್ರಕ್ಕೆ ಸಂಖ್ಯಾಶಾಸ್ತ್ರಜ್ಞರ ಪೈಪೋಟಿ ಕಾಣಲಿಲ್ಲ. ಕಂಪನಮಾಪಕಗಳನ್ನಿಟ್ಟು ಬಂಡೆಯ ನರಳಿಕೆಯನ್ನು ಆಲಿಸಿದವರು ತಂತ್ರಜ್ಞರು. ಶಿಲೆಯ ಬಲಾಬಲಗಳನ್ನು ಅಭ್ಯಸಿಸುವ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಸ್ಥಾಪಿತವಾದದ್ದು ಈ ಗಣಿಪ್ರದೇಶದಲ್ಲಿಯೇ. ಅವರು 'ಇಂಥಲ್ಲಿ ಅಪಾಯ ಹೆಚ್ಚು' ಎಂದರು. 'ಇಂಥ ದಿನ ಇಷ್ಟು ಗಂಟೆಗೆ' ಎನ್ನಲಿಲ್ಲ. ತಿಳಿದಷ್ಟನ್ನೇ ಹೇಳುವ ಈ ಸಂಕೋಚವೇ ಅವರ ಮಾತಿನ ಬೆಲೆ.

ಕೆ.ಜಿ.ಎಫ್.ನ ಪಾಲಿನ ನಿಜವಾದ ಪ್ರಳಯಕ್ಕೆ ದಿನಾಂಕವಿದೆ: 2001ರ ಫೆಬ್ರುವರಿ 28. ಅಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು ಮುಚ್ಚಿದವು. 1880ರಲ್ಲಿ ಜಾನ್ ಟೇಲರ್ ಕಂಪನಿಯ ಆಗಮನದೊಂದಿಗೆ ಬೆಳೆಯತೊಡಗಿ, 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತನ್ನು ತರಿಸಿಕೊಂಡು, 800 ಟನ್ನುಗಳಷ್ಟು ಚಿನ್ನವನ್ನು ಹೊರತೆಗೆದುಕೊಟ್ಟ ಊರು ಅಂದು ಕೆಲಸ ಕಳೆದುಕೊಂಡಿತು. ಆ ದಿನಾಂಕದ ಅಂಕೆಗಳನ್ನು ಸಂಖ್ಯಾಶಾಸ್ತ್ರದ ರೀತಿಯಲ್ಲಿ ಕೂಡಬಹುದು: 2, 8, 2, 2, 0, 0, 1, ಮೊತ್ತ 15, ಏಕಾಂಕ 6. ಮತ್ತೆ ಶುಕ್ರ! ದಿನದ ಅಂಕೆ 28. ಅದರ ಏಕಾಂಕ 1, ಸೂರ್ಯನ ಅಂಕೆ, ರಾಜಯೋಗದ ಅಂಕೆ. ಶಾಸ್ತ್ರದ ಪ್ರಕಾರ ಅಂಗಡಿ ತೆರೆಯಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ಊರಿಗೆ ಊರೇ ಬಾಗಿಲು ಹಾಕಿದ ದಿನವದು.

ಈ ಪ್ರಳಯವನ್ನು ಮುಂದಾಗಿ ನುಡಿದ ಸಂಖ್ಯೆಗಳು ಬೇರೆ ಇದ್ದವು. ಅವು ಬರೆದಿದ್ದುದು ಲೆಕ್ಕದ ಪುಸ್ತಕಗಳಲ್ಲಿ. ಆರಂಭದ ಕಾಲದಲ್ಲಿ ಒಂದು ಟನ್ ಅದಿರಿಗೆ ಹತ್ತಾರು ಗ್ರಾಂ ದೊರೆಯುತ್ತಿದ್ದ ಚಿನ್ನ ಕೊನೆಗೆ ಮೂರು ಗ್ರಾಂಗಳ ಆಸುಪಾಸಿಗೆ ಇಳಿಯಿತು. ಅಗೆತ ಮೂರು ಕಿಲೋಮೀಟರುಗಳನ್ನು ದಾಟಿ, ಬಂಡೆಯ ಉಷ್ಣತೆ 60 ಡಿಗ್ರಿಯನ್ನು ಮೀರಿ, ತಂಪುಗಾಳಿಯನ್ನು ಇಳಿಸುವ ಮತ್ತು ಅದಿರನ್ನು ಏರಿಸುವ ವೆಚ್ಚ ಚಿನ್ನದ ಬೆಲೆಯನ್ನು ನುಂಗಿತು. 1992ರಲ್ಲಿ ಸಂಸ್ಥೆಯನ್ನು ರೋಗಗ್ರಸ್ತವೆಂದು ಘೋಷಿಸಲಾಯಿತು. ಇದು ಗುಟ್ಟಾಗಿರಲಿಲ್ಲ, ನವಗ್ರಹಗಳ ಸ್ಥಾನವನ್ನು ಹುಡುಕಬೇಕಾಗಿರಲಿಲ್ಲ. ಗಣಿ ಮುಗಿದ ಮೇಲೆ ಈ ಸಾವಿರಾರು ಕುಟುಂಬಗಳು ಏನು ಮಾಡಬೇಕೆಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ವರ್ಷಗಟ್ಟಲೆ ಅವಕಾಶವಿತ್ತು. ಅಷ್ಟಗ್ರಹಕ್ಕೆ ಖರ್ಚಾದ ತುಪ್ಪದಷ್ಟು ಗಮನವೂ ಆ ಮೂರು ಗ್ರಾಂಗಳಿಗೆ ಸಲ್ಲಲಿಲ್ಲ. ಸುಳ್ಳು ಪ್ರಳಯಗಳ ದೊಡ್ಡ ಕೇಡು ಇದೇ ಇರಬೇಕು: ಅವು ಭಯವನ್ನೆಲ್ಲ ತಾವೇ ಖರ್ಚುಮಾಡಿ, ನಿಜವಾಗಿ ಭಯಪಡಬೇಕಾದ ಲೆಕ್ಕಕ್ಕೆ ಏನನ್ನೂ ಉಳಿಸುವುದಿಲ್ಲ.

ಬರಿದಾದ ಗಣಿಯ ಸುತ್ತ ಸೈನೈಡ್ ದಿಬ್ಬಗಳು ಇಂದಿಗೂ ನಿಂತಿವೆ. ಊರು ಮಾತ್ರ ಮುಗಿಯಲಿಲ್ಲ. ಮಾರಿಕುಪ್ಪದಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೊರಡುವ ರೈಲುಗಳನ್ನು ಹತ್ತಿ ಸಾವಿರಾರು ಜನ ನಿತ್ಯವೂ ದುಡಿಯಲು ಹೋಗುತ್ತಾರೆ, ರಾತ್ರಿ ಮರಳುತ್ತಾರೆ. ಅವರು ನಂಬಿ ಬದುಕುವ ಭವಿಷ್ಯವಾಣಿಯೊಂದಿದೆ. ಅದು ನಿಲ್ದಾಣದ ಗೋಡೆಯ ಮೇಲಿನ ವೇಳಾಪಟ್ಟಿ. ಅದು ಗಂಟೆ ನಿಮಿಷಗಳನ್ನು ನಮೂದಿಸಿ ಮಾತು ಕೊಡುತ್ತದೆ, ದಿನವೂ ಎಲ್ಲರೆದುರು ಪರೀಕ್ಷೆಗೆ ನಿಲ್ಲುತ್ತದೆ, ಆಗಾಗ ತಪ್ಪುತ್ತದೆ. ತಪ್ಪಿದಾಗ ಜನ ಗೊಣಗುತ್ತಾರೆ, ಗಡಿಯಾರ ನೋಡುತ್ತಾರೆ, ಮರುದಿನ ಅದೇ ಹೊತ್ತಿಗೆ ಬುತ್ತಿ ಕಟ್ಟಿಕೊಂಡು ಮತ್ತೆ ಬಂದು ನಿಲ್ಲುತ್ತಾರೆ.